ಒಡೆದ ಹಿಮದ ಕಟ್ಟೆ, ಸೊರಗಿದ ಮುಂಗಾರು: 8,200 ವರ್ಷಗಳ ಹಿಂದಿನ ಒಂದು ಪ್ರಕರಣ

ಗ್ರೀನ್‌ಲ್ಯಾಂಡಿನ ನಡುನೆತ್ತಿಯಲ್ಲಿ ಬಿದ್ದ ಹಿಮ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಈ ವರ್ಷದ್ದು ಹೋದ ವರ್ಷದ್ದರ ಮೇಲೆ ಕೂರುತ್ತದೆ. ಭಾರಕ್ಕೆ ಕೆಳಗಿನದು ಒತ್ತಿಕೊಂಡು ಗಟ್ಟಿಯಾಗುತ್ತದೆ. ಹೀಗೆ ಪದರದ ಮೇಲೆ ಪದರ ಸೇರಿ ಮೂರು ಕಿಲೋಮೀಟರ್ ದಪ್ಪವಾಗಿದೆ. 1992ರಲ್ಲಿ ಯುರೋಪಿನ ಗ್ರಿಪ್ ತಂಡ, 1993ರಲ್ಲಿ ಅಮೆರಿಕದ ಗಿಸ್ಪ್-2 ತಂಡ ಅಲ್ಲಿ ತಳದವರೆಗೂ ಕೊರೆದು ಹಿಮದ ಕಂಬಗಳನ್ನು ಮೇಲಕ್ಕೆ ತಂದವು. ಎರಡು ಜಾಗಗಳ ನಡುವೆ ಸುಮಾರು 30 ಕಿಲೋಮೀಟರ್ ದೂರ.

ಎರಡೂ ಕಂಬಗಳಲ್ಲಿ ಹಿಮಯುಗ ಮುಗಿದ ಮೇಲಿನ 11,700 ವರ್ಷಗಳ ಭಾಗ ಬಹಳ ಶಾಂತವಾಗಿ ಕಂಡಿತು. ಒಂದು ಕಡೆ ಮಾತ್ರ ಹಾಗಿರಲಿಲ್ಲ. ಸುಮಾರು 8,200 ವರ್ಷ ಹಳೆಯ ಪದರಗಳಲ್ಲಿ ಉಷ್ಣತೆಯ ಗೆರೆ ದಿಢೀರನೆ ಇಳಿದು, ಒಂದೂವರೆ ಶತಮಾನ ಕೆಳಗೇ ಇದ್ದು, ಮತ್ತೆ ಮೇಲೇರಿತ್ತು. ಇದು ಬರೀ ಗ್ರೀನ್‌ಲ್ಯಾಂಡಿನ ಸಂಗತಿಯಲ್ಲ, ದೂರದೂರದ ನಾಡುಗಳಿಗೂ ತಟ್ಟಿದ್ದು ಎಂದು 1997ರಲ್ಲಿ ರಿಚರ್ಡ್ ಆ್ಯಲಿ ಮತ್ತು ಜೊತೆಗಾರರು ತೋರಿಸಿದರು.

ದಿಢೀರ್ ಚಳಿಯ ಕಥೆಗಳಲ್ಲಿ ಇದಕ್ಕಿಂತ ದೊಡ್ಡವು ಬೇಕಾದಷ್ಟಿವೆ. 12,900ರಿಂದ 11,700 ವರ್ಷಗಳ ಹಿಂದಿನ ಯಂಗರ್ ಡ್ರಯಾಸ್ ಎಂಬ ಚಳಿ ಇದಕ್ಕಿಂತ ಎಷ್ಟೋ ಪಟ್ಟು ಉದ್ದ, ಎಷ್ಟೋ ಪಟ್ಟು ಕಟು. ಆದರೂ ನಾನು ಈ ಚಿಕ್ಕದನ್ನೇ ಆರಿಸಿಕೊಂಡಿದ್ದೇನೆ. ಯಂಗರ್ ಡ್ರಯಾಸ್ ನಡೆದದ್ದು ಹಿಮಯುಗದ ಬಾಲದಲ್ಲಿ. ಇದು ನಡೆದಾಗ ಭೂಮಿ ಹೆಚ್ಚುಕಡಿಮೆ ಈಗಿನಷ್ಟೇ ಬೆಚ್ಚಗಿತ್ತು, ಜನ ಬೇಸಾಯ ಮಾಡುತ್ತಿದ್ದರು, ಊರು ಕಟ್ಟಿಕೊಂಡಿದ್ದರು. ಇನ್ನೊಂದು ಕಾರಣವೂ ಇದೆ. ಅಟ್ಲಾಂಟಿಕ್‌ನಲ್ಲಿ ಎದ್ದ ಗೋಳು ನಮ್ಮ ಮುಂಗಾರಿನವರೆಗೆ ಹೇಗೆ ಬಂತು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹಿಡಿಯಬಹುದು.

ಹಿಮದ ಹಿಂದೆ ನಿಂತ ನೀರು

ಹಿಮಯುಗದಲ್ಲಿ ಕೆನಡಾದ ಬಹುಭಾಗವನ್ನು ಲಾರೆಂಟೈಡ್ ಎಂಬ ಹಿಮಹಾಸು ಮುಚ್ಚಿತ್ತು. ಬಿಸಿ ಏರಿದಂತೆ ಅದರ ದಕ್ಷಿಣದ ಅಂಚು ಕರಗುತ್ತಾ ಉತ್ತರಕ್ಕೆ ಸರಿಯಿತು. ಕರಗಿದ ನೀರಿಗೆ ನೆಲದ ಇಳಿಜಾರು ತೋರುತ್ತಿದ್ದ ದಾರಿ ಹಡ್ಸನ್ ಕೊಲ್ಲಿಯ ಕಡೆಗೆ. ಆದರೆ ಆ ಕೊಲ್ಲಿಯ ಮೇಲೇ ಹಿಮ ಇನ್ನೂ ಕೂತಿತ್ತು. ಹಾಗಾಗಿ ನೀರು ಹಿಮದ ಹಿಂದೆ ನಿಂತು ಸರೋವರವಾಯಿತು.

ಈ ಕಾಣೆಯಾದ ಸರೋವರಕ್ಕೆ ಅಗಾಸಿ ಎಂದು ಹೆಸರಿಟ್ಟವರು ಭೂವಿಜ್ಞಾನಿ ವಾರೆನ್ ಅಪ್‌ಹ್ಯಾಮ್, 19ನೇ ಶತಮಾನದ ಕೊನೆಯಲ್ಲಿ. ಹಿಮಯುಗ ಎಂಬುದೊಂದು ಇತ್ತು ಎಂದು ಜಗತ್ತಿಗೆ ಸಾರಿದ ಲೂಯಿ ಅಗಾಸಿಯ ಗೌರವಕ್ಕೆ ಇಟ್ಟ ಹೆಸರು ಅದು. ಈಗಿನ ವಿನ್ನಿಪೆಗ್ ಸರೋವರ ಅದರ ಉಳಿಕೆ. ವಿನ್ನಿಪೆಗ್ ಮತ್ತು ಫಾರ್ಗೊ ನಗರಗಳ ಸುತ್ತ ಕಣ್ಣು ಹರಿಯುವಷ್ಟು ದೂರ ಮಟ್ಟಸವಾದ ಹೊಲಗಳಿವೆಯಲ್ಲ, ಅದೆಲ್ಲ ಆ ಸರೋವರದ ತಳ. ಕೊನೆಗಾಲದಲ್ಲಿ ಪೂರ್ವದ ಒಜಿಬ್ವೇ ಎಂಬ ಇನ್ನೊಂದು ಸರೋವರವೂ ಇದಕ್ಕೆ ಕೂಡಿಕೊಂಡಿತು.

ಎರಡೂ ಸೇರಿ ಎಷ್ಟು ನೀರು? ಜೇಮ್ಸ್ ಟೆಲ್ಲರ್ ಮತ್ತು ಸಂಗಡಿಗರ ಲೆಕ್ಕದಲ್ಲಿ ಕೊನೆಯ ಹೊತ್ತಿಗೆ ಸಮುದ್ರ ಸೇರಿದ್ದು ಸುಮಾರು 1,63,000 ಘನ ಕಿಲೋಮೀಟರ್. ನಮ್ಮ ಕೆಆರ್‌ಎಸ್ ತುಂಬಿದಾಗ 49 ಟಿಎಂಸಿ ಚಿಲ್ಲರೆ, ಅಂದರೆ 1.4 ಘನ ಕಿಲೋಮೀಟರ್. ಒಂದು ಲಕ್ಷಕ್ಕೂ ಜಾಸ್ತಿ ಕೆಆರ್‌ಎಸ್‌ಗಳು ಒಟ್ಟಿಗೆ ತುಂಬಿ ನಿಂತಿವೆ, ಅವುಗಳ ಕಟ್ಟೆ ಹಿಮದ್ದು. ಅಷ್ಟು ಸಾಕು.

ಹಿಮದ ಕಟ್ಟೆಯ ತೊಂದರೆ ಏನೆಂದರೆ ಅದು ತೇಲುತ್ತದೆ. ಹಿಂದೆ ನಿಂತ ನೀರಿನ ಆಳ ಹಿಮದ ದಪ್ಪದ ಹತ್ತರಲ್ಲಿ ಒಂಬತ್ತು ಪಾಲು ಮುಟ್ಟಿದರೆ ಹಿಮ ನೆಲ ಬಿಟ್ಟು ಏಳಲು ಶುರು ಮಾಡುತ್ತದೆ. ಅಡಿಯಲ್ಲಿ ಸಂದು ಬಿತ್ತೋ, ನೀರು ನುಗ್ಗುತ್ತದೆ. ನುಗ್ಗುವ ನೀರಿನ ಬಿಸಿಗೆ ಸುರಂಗ ಕರಗಿ ದೊಡ್ಡದಾಗುತ್ತದೆ, ದೊಡ್ಡದಾದಷ್ಟೂ ನೀರು ಜಾಸ್ತಿ ನುಗ್ಗುತ್ತದೆ. ಗ್ಯಾರಿ ಕ್ಲಾರ್ಕ್ ಮತ್ತು ತಂಡ 2004ರಲ್ಲಿ ಇದನ್ನೇ ಗಣಿತಕ್ಕೆ ಇಳಿಸಿದರು. ಪ್ರವಾಹ ಸೆಕೆಂಡಿಗೆ ಸುಮಾರು 50 ಲಕ್ಷ ಘನ ಮೀಟರ್ ಮುಟ್ಟಿರಬೇಕು, ಅರ್ಧ ವರ್ಷದಷ್ಟು ಹರಿದಿರಬೇಕು ಎಂದು ಬಂತು. ಅಮೆಜಾನ್ ನದಿ ಸಮುದ್ರಕ್ಕೆ ಸುರಿಯುವುದು ಸೆಕೆಂಡಿಗೆ 2 ಲಕ್ಷ ಘನ ಮೀಟರ್ ಆಸುಪಾಸು. ಸರೋವರದ ನೀರೆಲ್ಲ ಒಂದೇ ಏಟಿಗೆ ಹೋಗಲಿಲ್ಲ, ಕನಿಷ್ಠ ಎರಡು ಕಂತಿನಲ್ಲಿ ಹೋಯಿತು ಎನ್ನಲು ಗುರುತುಗಳಿವೆ. ಹಡ್ಸನ್ ಕೊಲ್ಲಿಯಿಂದ ಅಟ್ಲಾಂಟಿಕ್‌ಗೆ ಹೋಗುವ ದಾರಿಯಾದ ಹಡ್ಸನ್ ಜಲಸಂಧಿಯ ತಳದಲ್ಲಿ ಆ ಕಾಲದ್ದೊಂದು ಕೆಂಪು ಹೂಳಿನ ಪದರ ಸಿಗುತ್ತದೆ. 1999ರಲ್ಲಿ ಡಾನ್ ಬಾರ್ಬರ್ ಮತ್ತು ತಂಡ ಈ ಸಾಕ್ಷ್ಯ ಹಿಡಿದು, ಸರೋವರ ಒಡೆದದ್ದು ಸುಮಾರು 8,470 ವರ್ಷಗಳ ಹಿಂದೆ, ಚಳಿಗೆ ಕಾರಣ ಅದೇ ಎಂದರು.

ಕೇಳಲು ಎಷ್ಟು ಸಲೀಸು ಅಲ್ವಾ? ಕಟ್ಟೆ ಒಡೆಯಿತು, ಸಿಹಿನೀರು ಸಮುದ್ರಕ್ಕೆ ಬಿತ್ತು, ಉತ್ತರಕ್ಕೆ ಬಿಸಿ ಸಾಗಿಸುವ ಸಮುದ್ರಪ್ರವಾಹ ನಿಂತಿತು, ಲೋಕ ತಣ್ಣಗಾಯಿತು. ಎಲ್ಲ ಕಡೆಯೂ ಹೀಗೇ ಹೇಳುತ್ತಾರೆ. ನನಗೆ ಇದು ತೀರಾ ಸಲೀಸಾಯಿತು ಅನಿಸುತ್ತದೆ. ಯಾಕೆ ಎನ್ನುವುದಕ್ಕೆ ಮೊದಲು ಸಮುದ್ರದೊಳಗೆ ಇಳಿಯಬೇಕು.

ಉಪ್ಪು ಕಡಿಮೆಯಾದರೆ ಏನಾಗುತ್ತದೆ

ಅಟ್ಲಾಂಟಿಕ್‌ನ ಮೇಲ್ಪದರದ ಬೆಚ್ಚಗಿನ, ಉಪ್ಪು ಜಾಸ್ತಿ ಇರುವ ನೀರು ಉತ್ತರಕ್ಕೆ ಹರಿಯುತ್ತದೆ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಲ್ಯಾಬ್ರಡಾರ್ ಸುತ್ತಮುತ್ತ ಅದು ತನ್ನ ಬಿಸಿಯನ್ನು ಗಾಳಿಗೆ ಕೊಡುತ್ತದೆ. ತಣ್ಣಗಾದ ಉಪ್ಪುನೀರು ಭಾರ. ಅದು ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ತಿರುಗುತ್ತದೆ. ಮುಳುಗಿದ್ದರ ಜಾಗಕ್ಕೆ ಮತ್ತೆ ದಕ್ಷಿಣದಿಂದ ಬೆಚ್ಚಗಿನ ನೀರು ಬರುತ್ತದೆ. 2004ರಿಂದ 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸಮುದ್ರದುದ್ದಕ್ಕೂ ಉಪಕರಣಗಳನ್ನು ಇಳಿಬಿಟ್ಟು ಇದನ್ನು ಅಳೆಯುತ್ತಿದ್ದಾರೆ. ಸರಾಸರಿ ಸೆಕೆಂಡಿಗೆ ಸುಮಾರು 1 ಕೋಟಿ 70 ಲಕ್ಷ ಘನ ಮೀಟರ್. ಯುರೋಪಿನ ಚಳಿಗಾಲ ಅಷ್ಟೊಂದು ಕೆಟ್ಟದಾಗಿಲ್ಲದಿರಲು ಇದೂ ಒಂದು ಕಾರಣ.

ಈಗ ನೀರು ಮುಳುಗುವ ಜಾಗದಲ್ಲಿ ಸಿಹಿನೀರು ಹರಡಿಕೊಂಡಿತು ಅಂದುಕೊಳ್ಳಿ. ಮೇಲ್ಪದರದ ಉಪ್ಪು ಇಳಿಯುತ್ತದೆ. ಎಷ್ಟೇ ತಣ್ಣಗಾದರೂ ಅದು ಮುಳುಗುವಷ್ಟು ಭಾರವಾಗುವುದಿಲ್ಲ. ಮುಳುಗುವುದು ಕಮ್ಮಿಯಾದರೆ ದಕ್ಷಿಣದ ಉಪ್ಪುನೀರು ಬರುವುದೂ ಕಮ್ಮಿ. ಅದು ಬರದಿದ್ದರೆ ಮೇಲ್ಪದರ ಇನ್ನಷ್ಟು ಸಿಹಿಯಾಗುತ್ತದೆ. ತೊಂದರೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಜೊತೆಗೆ ಸಿಹಿನೀರು ಬೇಗ ಹೆಪ್ಪುಗಟ್ಟುತ್ತದೆ. ಸಮುದ್ರದ ಮೇಲೆ ಹಿಮ ಹಾಸಿಕೊಂಡರೆ ಕೆಳಗಿನ ಬಿಸಿ ಗಾಳಿಗೆ ಸಿಗುವುದಿಲ್ಲ, ಬಿಳಿ ಹಾಸು ಬಿಸಿಲನ್ನೂ ವಾಪಸ್ ಕಳಿಸುತ್ತದೆ.

ಇದೆಲ್ಲ ನಿಜಕ್ಕೂ ನಡೆಯಿತೇ? ಸಮುದ್ರದ ತಳದ ಕೆಸರಿನಲ್ಲಿ ಉತ್ತರ ಇದೆ. ಐಸ್‌ಲ್ಯಾಂಡಿನ ದಕ್ಷಿಣಕ್ಕಿರುವ ಗಾರ್ಡರ್ ಡ್ರಿಫ್ಟ್ ಎಂಬಲ್ಲಿ ತೆಗೆದ ಕೆಸರಿನ ಕಂಬವನ್ನು ಕ್ರಿಸ್ಟೋಫರ್ ಎಲಿಸನ್, ಮಾರ್ಕ್ ಚಾಪ್‌ಮನ್, ಇಯಾನ್ ಹಾಲ್ 2006ರಲ್ಲಿ ಪರೀಕ್ಷಿಸಿದರು. ಫೊರಾಮಿನಿಫೆರಾ ಎಂಬ ಸಣ್ಣ ಜೀವಿಗಳು ಸಮುದ್ರದ ಮೇಲ್ಪದರದಲ್ಲಿ ಬದುಕಿ, ಸತ್ತ ಮೇಲೆ ಸುಣ್ಣದ ಚಿಪ್ಪಾಗಿ ತಳ ಸೇರುತ್ತವೆ. ಬದುಕಿದ್ದಾಗಿನ ನೀರಿನ ಬಿಸಿ ಮತ್ತು ಉಪ್ಪಿನ ಗುರುತು ಆ ಚಿಪ್ಪಿನಲ್ಲಿ ಉಳಿಯುತ್ತದೆ. ಅವುಗಳಲ್ಲಿ ಒಂದು ಜಾತಿ ಚಳಿನೀರು ಬಿಟ್ಟು ಬೇರೆಡೆ ಹೆಚ್ಚು ಬೆಳೆಯುವುದಿಲ್ಲ. ಅದರ ಪಾಲು ಏರಿತ್ತು. ಮೇಲ್ಪದರ ಎರಡು ಸಲ ಸಿಹಿಯಾಗಿ, ತಣ್ಣಗಾಗಿತ್ತು. ಅದೇ ಕಂಬದಲ್ಲಿ ತಳದ ಪ್ರವಾಹದ ವೇಗವನ್ನೂ ಓದಬಹುದು. ಪ್ರವಾಹ ಜೋರಾಗಿದ್ದರೆ ದಪ್ಪ ಕಣ ಉಳಿಯುತ್ತವೆ, ನಿಧಾನವಾದರೆ ಸಣ್ಣವು. ಮೇಲ್ಪದರ ಸಿಹಿಯಾದ ಬೆನ್ನಿಗೇ ಕಣ ಸಣ್ಣದಾಗಿತ್ತು. ಗ್ರೀನ್‌ಲ್ಯಾಂಡಿನ ದಕ್ಷಿಣದ ಇನ್ನೊಂದು ಕಂಬದಲ್ಲೂ ಆಳದ ನೀರು ಸೊರಗಿದ ಗುರುತು 2008ರಲ್ಲಿ ಸಿಕ್ಕಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕಂಬಗಳು ಹೇಳುವುದು ಪ್ರವಾಹ ಸೊರಗಿತು ಎಂದು. ಪೂರ್ತಿ ನಿಂತುಹೋಯಿತು ಎಂದು ಓದಿಕೊಂಡು ಸುಮ್ನೆ ಗಾಬರಿಯಾಗುವವರು ಬಹಳ ಜನ.

ನೀರು ಬಿದ್ದ ಜಾಗದ ಪ್ರಶ್ನೆಯೂ ಇದೆ. ಅಲನ್ ಕಾಂಡ್ರನ್ ಮತ್ತು ಪೀಟರ್ ವಿನ್ಸರ್ 2011ರಲ್ಲಿ ಬಹಳ ಸೂಕ್ಷ್ಮ ಜಾಲದ, ಕಂಪ್ಯೂಟರಿನಲ್ಲಿ ಕಟ್ಟಿದ ಸಮುದ್ರ ಮಾದರಿಯಲ್ಲಿ ಅಗಾಸಿಯ ನೀರನ್ನು ಹಡ್ಸನ್ ಜಲಸಂಧಿಯಿಂದ ಬಿಟ್ಟು ನೋಡಿದರು. ಹಳೆಯ ಒರಟು ಮಾದರಿಗಳಲ್ಲಿ ಆ ನೀರನ್ನು ಉತ್ತರ ಅಟ್ಲಾಂಟಿಕ್ ಮೇಲೆ ಸಮನಾಗಿ ಚೆಲ್ಲುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ನೀರಿನ ಬಹುಪಾಲು ಕೆನಡಾದ ದಡಕ್ಕೆ ಅಂಟಿಕೊಂಡು, ತೆಳ್ಳಗಿನ ಕರಾವಳಿ ಪ್ರವಾಹವಾಗಿ ದಕ್ಷಿಣಕ್ಕೆ ಇಳಿದು, ಉಪೋಷ್ಣವಲಯದ ಕಡಲಿಗೆ ಸೇರಿತು. ಮುಳುಗುವ ಜಾಗಕ್ಕೆ ನೇರವಾಗಿ ತಲುಪಿದ್ದು ಸ್ವಲ್ಪವೇ. ಅಂದ ಮೇಲೆ ಎಷ್ಟು ನೀರು ಎನ್ನುವುದಕ್ಕಿಂತ ಎಲ್ಲಿಗೆ ಬಿತ್ತು, ಎಷ್ಟು ಕಾಲ ಬಿತ್ತು ಎನ್ನುವುದೇ ಮುಖ್ಯವಾಗುತ್ತದೆ. ಈ ಪ್ರಕರಣದ ಗಂಟು ಇಲ್ಲೇ ಇದೆ ಎಂದು ನನ್ನ ಎಣಿಕೆ.

ಉತ್ತರದವರಿಗೆ ಚಳಿ

ಗ್ರೀನ್‌ಲ್ಯಾಂಡಿನ ಹಿಮದ ಗುಳ್ಳೆಗಳಲ್ಲಿ ಆ ಕಾಲದ ಗಾಳಿಯೇ ಸಿಕ್ಕಿಕೊಂಡಿದೆ. ಮೇಲ್ಮೈ ದಿಢೀರನೆ ತಣ್ಣಗಾದಾಗ ಹಿಮದೊಳಗಿನ ಗಾಳಿಯಲ್ಲಿ ನೈಟ್ರೋಜನ್‌ನ ಹಗುರ ಮತ್ತು ಭಾರದ ಬಗೆಗಳು ಸ್ವಲ್ಪ ಬೇರ್ಪಡುತ್ತವೆ. ಅದನ್ನು ಅಳೆದು ತಾಕುಮಾ ಕೊಬಾಶಿ ಮತ್ತು ತಂಡ 2007ರಲ್ಲಿ ಲೆಕ್ಕ ಕೊಟ್ಟರು. 20 ವರ್ಷದೊಳಗೆ ಸುಮಾರು 3.3 ಡಿಗ್ರಿ ಸೆಲ್ಸಿಯಸ್ ಇಳಿಕೆ. ಒಬ್ಬ ಮನುಷ್ಯ ಹುಟ್ಟಿ ಮದುವೆಯಾಗುವಷ್ಟರಲ್ಲಿ. ಅದೇ ವರ್ಷ ಎಲಿಜಬೆತ್ ಥಾಮಸ್ ಮತ್ತು ಜೊತೆಗಾರರು ಗ್ರೀನ್‌ಲ್ಯಾಂಡಿನ ಹಲವು ಕಂಬಗಳ ಪದರ ಎಣಿಸಿ, ಒಟ್ಟು ಚಳಿ ಸುಮಾರು 160 ವರ್ಷ, ಅದರ ನಡುವಿನ ಅತಿ ಕಟುವಾದ ಪಾಲು ಸುಮಾರು 70 ವರ್ಷ ಎಂದರು.

ಯುರೋಪಿನಲ್ಲಿ ಇಳಿಕೆ ಇದಕ್ಕಿಂತ ಕಡಿಮೆ. ಜರ್ಮನಿಯ ಅಮ್ಮರ್‌ಸೀ ಸರೋವರದ ಚಿಪ್ಪುಗಳಲ್ಲಿ ಅದು ಸ್ಪಷ್ಟವಾಗಿ ದಾಖಲಾಗಿದೆ. ನಾರ್ವೆಯಲ್ಲಿ ಹಿಮನದಿಗಳು ಮತ್ತೆ ಮುಂದಕ್ಕೆ ಚಾಚಿಕೊಂಡವು. ಅಲ್ಲಿಯವರು ಇದನ್ನು ಫಿನ್ಸೆ ಘಟನೆ ಎಂದೇ ಕರೆಯುತ್ತಾರೆ.

ಪಕ್ಕದ ಮಾತು ಒಂದಿದೆ. ಇದೇ ಚಳಿಯ ನಡುವೆ, ಸುಮಾರು 8,150 ವರ್ಷಗಳ ಹಿಂದೆ, ನಾರ್ವೆಯ ಕಡಲಡಿಯಲ್ಲಿ ಸ್ಟೊರೆಗ್ಗಾ ಎಂಬಲ್ಲಿ ಭಾರೀ ಕುಸಿತವಾಗಿ ಸುನಾಮಿ ಎದ್ದಿತು. ಸ್ಕಾಟ್ಲೆಂಡ್ ತೀರದ ಮಣ್ಣಿನಲ್ಲಿ ಅದರ ಮರಳು ಇಂದೂ ಸಿಗುತ್ತದೆ. ಎರಡಕ್ಕೂ ನೇರ ಸಂಬಂಧ ಕಟ್ಟಬೇಕಿಲ್ಲ. ಆದರೆ ಆ ತೀರದ ಜನಕ್ಕೆ ಎರಡೂ ಒಂದೇ ತಲೆಮಾರುಗಳಲ್ಲಿ ಬಂದವು.

ದಕ್ಷಿಣದವರಿಗೆ ಬರ

ಉಷ್ಣವಲಯಕ್ಕೆ ಬಂದರೆ ಚಳಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಾಣುವುದು ಮಳೆಯ ಏರುಪೇರು.

ಭೂಮಧ್ಯರೇಖೆಯ ಸುತ್ತ ಒಂದು ಮಳೆಪಟ್ಟಿ ಇದೆ. ಉತ್ತರ, ದಕ್ಷಿಣ ಎರಡೂ ಕಡೆಯ ಗಾಳಿ ಅಲ್ಲಿ ಕೂಡಿ ಮೇಲೇರಿ ಮಳೆ ಸುರಿಸುತ್ತದೆ. ಈ ಪಟ್ಟಿ ಬೆಚ್ಚಗಿರುವ ಗೋಳಾರ್ಧದ ಕಡೆ ವಾಲುತ್ತದೆ. ಬೇಸಿಗೆಯಲ್ಲಿ ಅದು ಭಾರತದ ನೆಲದ ಮೇಲೆ ಹತ್ತಿ ಬರುವುದೂ ಮುಂಗಾರಿನ ಕಥೆಯ ಭಾಗವೇ. ಅಟ್ಲಾಂಟಿಕ್ ಬಿಸಿ ಸಾಗಿಸುವುದನ್ನು ಕಡಿಮೆ ಮಾಡಿದರೆ ಉತ್ತರ ಗೋಳಾರ್ಧ ತಣ್ಣಗಾಗುತ್ತದೆ, ಬಿಸಿ ದಕ್ಷಿಣದಲ್ಲೇ ಉಳಿಯುತ್ತದೆ. ಪಟ್ಟಿ ದಕ್ಷಿಣಕ್ಕೆ ಜಾರುತ್ತದೆ. ಇದಕ್ಕೆ ಸಮುದ್ರದ ನೀರು ಇಲ್ಲಿಯವರೆಗೆ ಹರಿದು ಬರಬೇಕಿಲ್ಲ. ಗಾಳಿಯೇ ಸುದ್ದಿ ತರುತ್ತದೆ, ಅದೂ ಬೇಗ.

ಎಷ್ಟು ಬೇಗ ಎನ್ನುವುದಕ್ಕೆ ಕೊಬಾಶಿ ತಂಡದ ಅದೇ ಹಿಮದಲ್ಲಿ ಒಂದು ಸೊಗಸಾದ ಸಾಕ್ಷ್ಯವಿದೆ. ಮಿಥೇನ್ ಅನಿಲ ಬಹುಮಟ್ಟಿಗೆ ಹುಟ್ಟುತ್ತಿದ್ದುದು ಜೌಗು ನೆಲಗಳಲ್ಲಿ, ಅದರಲ್ಲೂ ಉಷ್ಣವಲಯದವುಗಳಲ್ಲಿ. ಆ ಚಳಿಯ ಕಾಲದಲ್ಲಿ ಗಾಳಿಯಲ್ಲಿದ್ದ ಮಿಥೇನ್ ಸುಮಾರು 80 ಪಿಪಿಬಿ (ನೂರು ಕೋಟಿ ಪಾಲು ಗಾಳಿಯಲ್ಲಿ 80 ಪಾಲು) ಇಳಿಯಿತು. ಗ್ರೀನ್‌ಲ್ಯಾಂಡಿನ ಬಿಸಿಯೂ ದೂರದ ಜೌಗುಗಳ ಮಿಥೇನೂ ಒಂದೇ ಹಿಮದ ತುಂಡಿನಲ್ಲಿ ಇರುವುದರಿಂದ ಎರಡನ್ನೂ ಜೋಡಿಸಿ ನೋಡಬಹುದು. ಎರಡೂ ಕೆಲವೇ ವರ್ಷಗಳ ಅಂತರದಲ್ಲಿ ಒಟ್ಟಿಗೆ ಇಳಿದಿದ್ದವು.

ಗುಹೆಗಳೂ ಇದನ್ನೇ ಹೇಳುತ್ತವೆ. ಗುಹೆಯ ಚಾವಣಿಯಿಂದ ತೊಟ್ಟಿಕ್ಕುವ ನೀರು ಬಿಟ್ಟುಹೋದ ಸುಣ್ಣ ನೆಲದಿಂದ ಕಂಬವಾಗಿ ಬೆಳೆಯುತ್ತದೆ. ಅದರಲ್ಲಿನ ಆಕ್ಸಿಜನ್‌ನ ಬಗೆಗಳು ಮಳೆಯ ಏರಿಳಿತ ತಿಳಿಸುತ್ತವೆ, ಯುರೇನಿಯಂ-ಥೋರಿಯಂ ಅಳತೆ ವಯಸ್ಸು ತಿಳಿಸುತ್ತದೆ. ಹೈ ಚೆಂಗ್ ಮತ್ತು ಸಂಗಡಿಗರು 2009ರಲ್ಲಿ ಚೀನಾ, ಒಮಾನ್, ಬ್ರೆಜಿಲ್ ಗುಹೆಗಳನ್ನು ಒಟ್ಟಿಗೆ ಓದಿದರು. ಚೀನಾದಲ್ಲಿ ಮುಂಗಾರು ಸೊರಗಿತ್ತು. ಒಮಾನಿನಲ್ಲೂ ಸೊರಗಿತ್ತು, ಅಲ್ಲಿಗೆ ಬರುವುದು ನಮ್ಮದೇ ನೈಋತ್ಯ ಮಾರುತದ ಮಳೆ. ಬ್ರೆಜಿಲ್‌ನಲ್ಲಿ ಮಾತ್ರ ಮಳೆ ಜಾಸ್ತಿಯಾಗಿತ್ತು. ಪಟ್ಟಿ ದಕ್ಷಿಣಕ್ಕೆ ಜಾರಿದ್ದರೆ ಆಗಬೇಕಾದದ್ದೂ ಇದೇ.

ಅರಬ್ಬಿ ಸಮುದ್ರದೊಳಗಿನ ಸಾಕ್ಷ್ಯ ಕನ್ನಡದ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ಮಳೆಗಾಲದ ಗಾಳಿ ಬೀಸಿದಾಗ ದಡದ ಮೇಲ್ಪದರದ ನೀರು ಸರಿದು, ಆಳದ ತಣ್ಣನೆಯ ಸತ್ವದ ನೀರು ಮೇಲಕ್ಕೆ ಬರುತ್ತದೆ. ನಮ್ಮ ಕಡಲಿನ ಬೂತಾಯಿ ಮೀನಿನ ಬೆಳೆ ನಿಂತಿರುವುದು ಬಹುಪಾಲು ಇದರ ಮೇಲೆ. ಒಮಾನ್ ತೀರದಲ್ಲಿ ಇದು ಇನ್ನೂ ಜೋರು. ಅಲ್ಲಿ ಆಳದ ನೀರು ಮೇಲೆ ಬಂದಾಗಲೇ ಹುಲುಸಾಗಿ ಬೆಳೆಯುವ ಒಂದು ಜಾತಿಯ ಫೊರಾಮಿನಿಫೆರಾ ಇದೆ. ಖರಗ್‌ಪುರ ಐಐಟಿಯ ಅನಿಲ್ ಗುಪ್ತಾ, ಜೊತೆಗೆ ಡೇವಿಡ್ ಆ್ಯಂಡರ್ಸನ್ ಮತ್ತು ಜೊನಾಥನ್ ಓವರ್‌ಪೆಕ್, ಒಮಾನ್ ತೀರದ ಕೆಸರಿನಲ್ಲಿ ಅದರ ಪಾಲನ್ನು ಎಣಿಸಿ 2003ರಲ್ಲಿ ಪ್ರಕಟಿಸಿದರು. ಉತ್ತರ ಅಟ್ಲಾಂಟಿಕ್ ತಣ್ಣಗಾದಾಗಲೆಲ್ಲ ಆ ಪಾಲು ಕುಸಿದಿತ್ತು. 8,200 ವರ್ಷಗಳ ಹಿಂದೆ ಕೂಡ. ಅಂದರೆ ಗಾಳಿಯೇ ಸಪ್ಪೆಯಾಗಿತ್ತು.

ನೆಲದ ಮೇಲೆ, ಹರಿಯಾಣದ ರಿವಾಸಾ ಎಂಬಲ್ಲಿ ಹಿಂದೆ ಒಂದು ಸರೋವರವಿತ್ತು. ಯಮಾ ದೀಕ್ಷಿತ್ ಮತ್ತು ಜೊತೆಗಾರರು 2014ರಲ್ಲಿ ಅದರ ತಳದ ಕಥೆ ಬಿಡಿಸಿಟ್ಟರು. ಸುಮಾರು 9,400 ವರ್ಷಗಳ ಹಿಂದೆ ಮುಂಗಾರು ಬಲಿತು ಸರೋವರ ಆಳವಾಯಿತು. 8,200ರ ಆಸುಪಾಸಿನಲ್ಲಿ ತಳವೇ ಒಣಗಿ ಗಟ್ಟಿ ಪದರವಾಯಿತು. ಆ ಹೊತ್ತಿಗೆ ನಮ್ಮ ಬಳ್ಳಾರಿಯ ಸಂಗನಕಲ್ಲಿನಲ್ಲಿ ಬೇಸಾಯ ಶುರುವಾಗಲು ಇನ್ನೂ ಸಾವಿರಾರು ವರ್ಷ ಬಾಕಿ ಇತ್ತು. ದಕ್ಷಿಣದ ಜನ ಬೇಟೆಯಾಡಿ, ಗೆಡ್ಡೆ-ಹಣ್ಣು ಆಯ್ದು ಬದುಕುತ್ತಿದ್ದರು.

ಊರು ಕಟ್ಟಿಕೊಂಡಿದ್ದವರ ಪಾಡು ನೋಡಬೇಕೆಂದರೆ ಟರ್ಕಿಯ ಚತಲ್‌ಹೊಯುಕ್‌ಗೆ ಹೋಗಬೇಕು. ಅಲ್ಲಿನ ಒಡೆದ ಮಡಕೆಗಳು ಪ್ರಾಣಿಗಳ ಕೊಬ್ಬನ್ನು ಹೀರಿಕೊಂಡಿವೆ. ಆ ಕೊಬ್ಬಿನ ಹೈಡ್ರೋಜನ್‌ನಲ್ಲಿ ಪ್ರಾಣಿ ಕುಡಿದ ನೀರಿನ ಗುರುತು ಇರುತ್ತದೆ. ಮೆಲಾನಿ ರೊಫೆ-ಸಾಲ್ಕ್ ಮತ್ತು ತಂಡ 2018ರಲ್ಲಿ ಅದನ್ನು ಅಳೆದಾಗ ಸರಿಯಾಗಿ ಈ ಕಾಲಕ್ಕೆ ಒಣಹವೆ ಕಂಡಿತು. ಊರಿನ ಮೂಳೆಗಳಲ್ಲಿ ದನದ ಪಾಲು ಇಳಿದು ಕುರಿ-ಮೇಕೆಯ ಪಾಲು ಏರಿತ್ತು. ಬರಕ್ಕೆ ತಾಳುವುದು ಯಾವುದು ಎಂದು ನಮ್ಮ ಬಯಲುಸೀಮೆಯ ರೈತರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಮೂಳೆಗಳ ಮೇಲೆ ಕತ್ತಿಯ ಗೀರುಗಳೂ ಜಾಸ್ತಿಯಾಗಿದ್ದವು. ಸಿಕ್ಕ ಮಾಂಸವನ್ನು ಚೂರೂ ಬಿಡದೆ ಕೆರೆದು ತೆಗೆದಿದ್ದರು. ಆದರೂ ಊರು ಆ ಏಟಿಗೆ ಪಾಳು ಬೀಳಲಿಲ್ಲ. ಜನ ತಮ್ಮ ಬದುಕನ್ನು ಬರಕ್ಕೆ ಹೊಂದಿಸಿಕೊಂಡರು.

ತಾಳೆಯಾಗದ ಲೆಕ್ಕ

ಈಗ ಆ ಸಲೀಸಾದ ಕಥೆಗೆ ವಾಪಸ್ ಬರೋಣ. ಸರೋವರದ ನೀರು ನುಗ್ಗಿ ಹರಿದದ್ದು ಅರ್ಧ ವರ್ಷ. ಚಳಿ ಇದ್ದದ್ದು 160 ವರ್ಷ. ಮಾದರಿಗಳಿಗೆ ಬರೀ ಸರೋವರದ ನೀರು ಕೊಟ್ಟರೆ ಅಟ್ಲಾಂಟಿಕ್ ಸೊರಗುತ್ತದೆ, ಆದರೆ ಅಷ್ಟು ಕಾಲ ಸೊರಗಿರುವುದಿಲ್ಲ. ಬೇಗ ಚೇತರಿಸಿಕೊಂಡುಬಿಡುತ್ತದೆ. ಬಾರ್ಬರ್ ತಂಡದ 8,470ಕ್ಕೂ ಗ್ರೀನ್‌ಲ್ಯಾಂಡಿನ ಚಳಿ ಶುರುವಾದದ್ದಕ್ಕೂ ನಡುವೆ ಒಂದೆರಡು ಶತಮಾನಗಳ ಸಂದೂ ಇದೆ. ಸಮುದ್ರಜೀವಿಗಳ ಕಾರ್ಬನ್ ವಯಸ್ಸಿನಲ್ಲಿ ಹೆಚ್ಚುಕಡಿಮೆ ಇರುತ್ತದೆ, ಹಾಗಾಗಿ ಆ ಸಂದನ್ನು ನಾನು ದೊಡ್ಡದು ಮಾಡುವುದಿಲ್ಲ. ಅವಧಿಯ ಗೊಂದಲ ಮಾತ್ರ ಹಾಗೆ ತಳ್ಳಿಹಾಕುವಂಥದ್ದಲ್ಲ.

ಸಮುದ್ರಮಟ್ಟ ನೋಡಿದರೂ ಇದೇ ತಕರಾರು. ಸರೋವರದ 1,63,000 ಘನ ಕಿಲೋಮೀಟರ್ ನೀರನ್ನು ಲೋಕದ ಸಮುದ್ರಗಳ ಮೇಲೆ ಹರಡಿದರೆ ಮಟ್ಟ ಏರುವುದು ಸುಮಾರು 45 ಸೆಂಟಿಮೀಟರ್. ಆದರೆ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್ ಸುತ್ತ ಮುಳುಗಿದ ಜೌಗುಮಣ್ಣನ್ನು ಅಳೆದ ಮಾರ್ಕ್ ಹೈಮಾ ಮತ್ತು ಕಿಮ್ ಕೊಹೆನ್‌ಗೆ 2010ರಲ್ಲಿ ಸಿಕ್ಕಿದ ಏರಿಕೆ ಸುಮಾರು 2 ಮೀಟರ್. ಉಳಿದ ನೀರು ಎಲ್ಲಿಂದ ಬಂತು?

ಹಿಮದಿಂದಲೇ. ಹಡ್ಸನ್ ಕೊಲ್ಲಿಯ ಮೇಲೆ ಎರಡು ಹಿಮಗುಡ್ಡಗಳನ್ನು ಜೋಡಿಸುವ ತಗ್ಗಾದ ಹಿಮದ ಬೆನ್ನು ಇತ್ತು. ಅದು ತಗ್ಗಿದಷ್ಟೂ ಬೆಚ್ಚಗಿನ ಗಾಳಿಯ ಮಟ್ಟಕ್ಕೆ ಇಳಿಯುತ್ತದೆ, ಇನ್ನಷ್ಟು ಬೇಗ ಕರಗುತ್ತದೆ. ಲಾರೆನ್ ಗ್ರೆಗೊಯಿರ್ ಮತ್ತು ಸಂಗಡಿಗರ 2012ರ ಮಾದರಿಯಲ್ಲಿ ಈ ಬೆನ್ನು ಕುಸಿದಾಗ 200 ವರ್ಷಗಳಲ್ಲಿ ಸಮುದ್ರಮಟ್ಟ ಸುಮಾರು 2.5 ಮೀಟರ್ ಏರುವಷ್ಟು ನೀರು ಹೊರಬಿತ್ತು. 2017ರಲ್ಲಿ ಇಲ್ಕ್ಕಾ ಮಾಟೆರೊ ಮತ್ತು ತಂಡ ಆ ಬಗೆಯ ನೀರನ್ನು ಹವಾಮಾನ ಮಾದರಿಗೆ ಕೊಟ್ಟಾಗ ಚಳಿಯ ಆಳವೂ ಉದ್ದವೂ ಗ್ರೀನ್‌ಲ್ಯಾಂಡಿನ ಗೆರೆಗೆ ಹತ್ತಿರ ಬಂದವು. ನನಗೆ ಇದೇ ಹೆಚ್ಚು ಒಪ್ಪಿತವಾಗುತ್ತದೆ. ಸರೋವರ ಒಡೆದದ್ದು ಸುಳ್ಳಲ್ಲ. ಆದರೆ ಹಿಮಹಾಸು ಕುಸಿಯುತ್ತಿದ್ದಾಗ ನಡುವೆ ಬಂದ ಜೋರಾದ ಕೆಲವು ತಿಂಗಳು ಅವು. ಚಳಿಯನ್ನು 160 ವರ್ಷ ಹಿಡಿದಿಟ್ಟದ್ದು ಅದರ ಹಿಂದೆ ಮುಂದೆ ಸದ್ದಿಲ್ಲದೆ ಸುರಿಯುತ್ತಲೇ ಇದ್ದ ಕರಗುನೀರು.

ಈ ತೀರ್ಮಾನದಿಂದ ಇವತ್ತಿನ ಹೋಲಿಕೆಯೂ ಬದಲಾಗುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ಒಡೆಯಲು ಅಗಾಸಿಯಂಥ ಸರೋವರ ಇಲ್ಲ, ಆದ್ದರಿಂದ ಚಿಂತೆ ಇಲ್ಲ ಎಂಬ ವಾದ ಆಗಾಗ ಕೇಳುತ್ತದೆ. ಮುಖ್ಯವಾದದ್ದು ಬಿಡದೆ ಸುರಿಯುವ ನೀರೇ ಆದರೆ ಆ ವಾದ ನಿಲ್ಲುವುದಿಲ್ಲ. ಹಾಗಂತ ಎರಡನ್ನೂ ಸಮ ಮಾಡುವುದೂ ತಪ್ಪು. 200 ವರ್ಷಕ್ಕೆ 2.5 ಮೀಟರ್ ಅಂದರೆ ವರ್ಷಕ್ಕೆ ಸುಮಾರು 4,500 ಘನ ಕಿಲೋಮೀಟರ್ ನೀರು. 2002ರಿಂದ ಉಪಗ್ರಹಗಳು ಅಳೆದಂತೆ ಗ್ರೀನ್‌ಲ್ಯಾಂಡ್ ಕಳೆದುಕೊಳ್ಳುತ್ತಿರುವ ಹಿಮ ವರ್ಷಕ್ಕೆ ಸರಾಸರಿ 27,000 ಕೋಟಿ ಟನ್ ಆಸುಪಾಸು, ಅಂದರೆ ಸುಮಾರು 270 ಘನ ಕಿಲೋಮೀಟರ್ ನೀರು. ಆಗಿನದರ ಹದಿನಾರನೇ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಇದು ಬೀಳುತ್ತಿರುವುದು ನೀರು ಮುಳುಗುವ ಜಾಗದ ಪಕ್ಕದಲ್ಲೇ, ಮತ್ತು ಈ ಸಲ ಸಮುದ್ರದ ಮೇಲ್ಪದರ ಬಿಸಿಯೇರಿಯೂ ಹಗುರಾಗುತ್ತಿದೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ 2021ರ ವರದಿ, ಅಟ್ಲಾಂಟಿಕ್‌ನ ಈ ಪ್ರವಾಹ ಈ ಶತಮಾನದಲ್ಲಿ ಸೊರಗುವ ಸಾಧ್ಯತೆ ಬಹಳ ಹೆಚ್ಚು ಎಂದಿತು. 2100ರೊಳಗೆ ದಿಢೀರನೆ ಕುಸಿಯುವುದಿಲ್ಲ ಎಂಬುದಕ್ಕೆ ಅದು ಕೊಟ್ಟದ್ದು ಮಧ್ಯಮ ಮಟ್ಟದ ಭರವಸೆ ಮಾತ್ರ.